ಮೇವಿನ ಹೊಲದ ಐದು ಬೆಳಕು

“ಈ ವರ್ಷ ಸೀಗಿ ಹುಣ್ಣಿವಿಗೆ ನಮ್ಮ ಮನಿಯಿಂದ ಒಂದ ಒಂದು ಹೋಳಗಿನೂ ಮಣ್ಣಿಗೆ ಬೀಳಂಗಿಲ್ಲ! ಇದು ನನ್ನ ಕಡೀ ಮಾತು!”

ಹೀಗೆ ಗುಡುಗಿದವನು ಹೊಳಿಯಪ್ಪ, ಬಿ.ಎಸ್ಸಿ. ಅವನ ವಂಶದಲ್ಲಿ ಹೆಸರಿನ ಮುಂದೆ ಇಂಥದೊಂದು ಬಾಲ ಕಟ್ಟಿಕೊಂಡವನು ಅವನೊಬ್ಬನೇ. ಅಪ್ಪ ಹೆಬ್ಬೆಟ್ಟು, ಅಜ್ಜ ಹೆಬ್ಬೆಟ್ಟು. ಮುತ್ತಜ್ಜನಿಗೆ ಹೆಬ್ಬೆಟ್ಟು ಒತ್ತುವ ಪ್ರಸಂಗವೇ ಬಂದಿರಲಿಲ್ಲ. ಹೀಗಾಗಿ ಮೂರು ತಲೆಮಾರು ವಿಚಾರ ಮಾಡದೆ ಬಿಟ್ಟಿದ್ದನ್ನೆಲ್ಲ ತಾನೊಬ್ಬನೇ ವಿಚಾರ ಮಾಡಿ ಮುಗಿಸಬೇಕೆಂದು ಅವನು ಪಣ ತೊಟ್ಟಿದ್ದ.

ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಅವನಿಗೆ ಕೆಲಸ. ತಟ್ಟೆಯಲ್ಲಿ ಒದ್ದೆ ಕಾಗದ ಹಾಸಿ, ಅದರ ಮೇಲೆ ಬೀಜ ಇಟ್ಟು, ಮೊಳೆಯುತ್ತದೋ ಇಲ್ಲವೋ ಎಂದು ಕಾಯುವುದು. ಮೊಳೆಯುವ ತನಕ ಯಾವ ಬೀಜವನ್ನೂ ನಂಬಕೂಡದು ಎಂಬುದು ಆ ಕೆಲಸದ ಧರ್ಮ. ಹೊಳಿಯಪ್ಪ ಆ ಧರ್ಮವನ್ನು ಕೈಚೀಲದಲ್ಲಿ ಹಾಕಿಕೊಂಡು ಮನೆಗೂ ತರುತ್ತಿದ್ದ. ಹಾಲು ಕಂಡರೆ ನೀರಿನ ಸಂಶಯ, ತೊಗರಿಬೇಳೆ ಕಂಡರೆ ಬಣ್ಣದ ಸಂಶಯ, ಹೆಂಡತಿ ಜಯವ್ವ ಸುಮ್ಮನೆ ನಕ್ಕರೂ ತವರಿನಿಂದ ಯಾರೋ ಬರುವವರಿದ್ದಾರೆ ಎಂಬ ಸಂಶಯ!

ಆದರೆ ಅವನ ಗುಡುಗಿಗೆ ಆ ದಿನ ಮನೆಯಲ್ಲಿ ಯಾರೂ ನಡುಗಲಿಲ್ಲ. ಬ್ಯಾಡಗಿ ರಸ್ತೆಯ ಹಳ್ಳಿಯಲ್ಲಿ ಹೊಲ ನೋಡಿಕೊಂಡಿದ್ದ ತಾಯಿ ಗುಡ್ಡವ್ವ, ಹಬ್ಬಕ್ಕೆ ಏನೇನು ಮಾಡಬೇಕೆಂದು ಸೊಸೆಯೊಡನೆ ಮಾತಾಡಲು ಬಂದಿದ್ದವಳು, ಎಲೆ ಅಡಿಕೆ ಜಗಿಯುತ್ತ ಕೇಳಿದಳು:

“ಬಸರಿ ಹೆಣ್ಣಮಗಳಿಗೆ ಬಯಕಿ ಊಟ ಹಾಕಬ್ಯಾಡ ಅಂತಿಯೇನಪಾ?”

ಸೀಗಿ ಹುಣ್ಣಿಮೆ ಎಂದರೆ ಆ ಸೀಮೆಯಲ್ಲಿ ಭೂಮಿತಾಯಿಯ ಸೀಮಂತ. ತೆನೆ ಹೊತ್ತ ಹೊಲವನ್ನು ಬಸುರಿ ಎಂದೇ ಭಾವಿಸಿ, ಹೋಳಿಗೆ, ಕಡಬು, ಬುತ್ತಿಯನ್ನೆಲ್ಲ ಬುಟ್ಟಿಯಲ್ಲಿ ಹೊತ್ತೊಯ್ದು, ಒಂದಿಷ್ಟನ್ನು ಹೊಲದ ತುಂಬ ಚರಗ ಎಂದು ಚೆಲ್ಲುತ್ತಾರೆ. ಉಳಿದದ್ದನ್ನು ಅಲ್ಲೇ ಕೂತು ಉಣ್ಣುತ್ತಾರೆ.

“ಯವ್ವಾ, ಹೊಲ ಬಸರಿ ಅಲ್ಲ, ಅದು ಮಣ್ಣು. ಅದಕ್ಕ ಬೇಕಾದ್ದು ಸಾರಜನಕ. ಹೋಳಗಿ ಅಲ್ಲ.”

“ಅದನ್ನೂ ಹಾಕು, ಬ್ಯಾಡ ಅಂದೋರ್ಯಾರು? ನೀ ಹೊಟ್ಟ್ಯಾಗಿದ್ದಾಗ ನನಗ ದವಾಖಾನಿ ಗುಳಿಗಿನೂ ಕೊಟ್ರು, ಹೋಳಗಿನೂ ಕೊಟ್ರು. ಬರೇ ಗುಳಿಗಿ ನುಂಗಿದ್ರ ನೀ ಹಿಂಗ ಒದರೂವಷ್ಟು ಗಟ್ಟಿ ಆಗ್ತಿದ್ದಿಲ್ಲ.”

ಜಯವ್ವ ಸೆರಗು ಬಾಯಿಗೆ ಒತ್ತಿಕೊಂಡು ಅಡಿಗೆಮನೆಗೆ ಓಡಿದಳು.

ಒಬ್ಬನೇ ಆಗಿದ್ದರೆ ಹೊಳಿಯಪ್ಪ ಅಷ್ಟಕ್ಕೇ ಸೋಲೊಪ್ಪುತ್ತಿದ್ದನೇನೋ. ಆದರೆ ಅವನ ಬೆನ್ನಿಗೆ ‘ವಿಚಾರ ವೇದಿಕೆ’ ನಿಂತಿತ್ತು. ಒಂದೇ ಓಣಿಯ ಬಾಡಿಗೆ ಮನೆಗಳ ನಾಲ್ಕು ಗಂಡಸರು. ನಾಲ್ವರೂ ಹಳ್ಳಿ ಬಿಟ್ಟು ಬಂದ ಮೊದಲ ಪದವೀಧರರು. ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವ ಮೈಲಪ್ಪ ಅಧ್ಯಕ್ಷ. ಹೈಸ್ಕೂಲಿನ ಗಣಿತದ ಮಾಸ್ತರ ಮಹಮ್ಮದ್ ಹನೀಫ್ ಕಾರ್ಯದರ್ಶಿ. ಕೋರ್ಟಿನ ಟೈಪಿಸ್ಟ್ ಮಾಲತೇಶಪ್ಪ ಖಜಾಂಚಿ. ಹೊಳಿಯಪ್ಪ ಸದಸ್ಯ. ಇಡೀ ವೇದಿಕೆಗೆ ಇದ್ದ ಸದಸ್ಯ ಅವನೊಬ್ಬನೇ!

ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ನಾಲ್ವರೂ ಚರಗದ ವಿರುದ್ಧ ಕೈ ಮೇಲೆ ಕೈ ಇಟ್ಟು ಪ್ರತಿಜ್ಞೆ ಮಾಡಿದ್ದರು.

“ನಮ್ಮ ಅಜ್ಜನ ಕಾಲದಿಂದ ನಮ್ಮ ಹೊಲದಾಗೂ ಚರಗ ಚೆಲ್ತಾರ. ಈ ವರ್ಷದಿಂದ ಬಂದ್!” ಎಂದಿದ್ದ ಹನೀಫ್.

“ಯಾರ ಮನಿ ಹೋಳಗಿ ಮಣ್ಣಿಗೆ ಬೀಳತೈತಿ, ಅಂವ ವೇದಿಕೆಯಿಂದ ಹೊರಗ. ಅವನ ಜೋಡಿ ಚಾ ಸುದ್ದಾ ಇಲ್ಲ!” ಎಂದು ಮೈಲಪ್ಪ ಮೇಜು ಗುದ್ದಿದ್ದ. ಮೇಜಿನ ಒಂದು ಕಾಲು ಮೊದಲೇ ಸಡಿಲವಿತ್ತು. ಅದು ಬಿದ್ದು ಪ್ರತಿಜ್ಞೆಗೆ ಮುದ್ರೆ ಒತ್ತಿತು.

ಸೀಗಿ ಹುಣ್ಣಿಮೆಯ ದಿನ ಬೆಳಿಗ್ಗೆ ಜಯವ್ವ ತಲೆ ಬಾಚಿಕೊಳ್ಳುತ್ತ, “ಅತ್ತೀ ಮೊಣಕಾಲು ಬ್ಯಾನಿ ಆಗ್ಯಾವಂತ. ಎಣ್ಣಿ ತಿಕ್ಕಿ ಸಂಜೀಕ ಬರ್ತೇನ್ರಿ” ಎಂದಳು.

“ಎಣ್ಣಿ ತಿಕ್ಕಾಕ ಹೊಸಾ ಸೀರಿ ಯಾಕ?”

“ಹಳೇದು ಒಗದು ಹಾಕೇನಿ. ಅದರ ಮ್ಯಾಲೂ ಸಂಶೇನೇನು? ಹೋಗಿ ಹಿಂಡಿ ನೋಡ್ರಿ, ನೀರು ಬರತಾವ.”

ಹೊಳಿಯಪ್ಪ ಹೋಗಿ ಹಿಂಡಿ ನೋಡಿದ. ನೀರು ಬಂತು. ಆದರೂ ಆಫೀಸಿನಲ್ಲಿ ಅವನ ಮನಸ್ಸು ನಿಲ್ಲಲಿಲ್ಲ. ಮುದುಕಿಯ ಮೊಣಕಾಲು ಹುಣ್ಣಿಮೆ ನೋಡಿಕೊಂಡೇ ಯಾಕೆ ನೋಯಬೇಕು? ಇದರಲ್ಲಿ ಏನೋ ಇದೆ! ಮಧ್ಯಾಹ್ನ ರಜೆ ಹಾಕಿ, ವೇದಿಕೆಯ ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡು, ಹಳೇ ಮೊಪೆಡ್ ಏರಿ ಊರಿಗೆ ಹೊರಟ. ಆ ಕ್ಯಾಮೆರಾ ಕೊಂಡದ್ದು ಗಾಳಿಯಲ್ಲಿ ವಿಭೂತಿ ತೆಗೆಯುವ ಬಾಬಾಗಳನ್ನು ಹಿಡಿಯಲು. ರಾಣೆಬೆನ್ನೂರಿಗೆ ಅಂಥ ಬಾಬಾ ಒಬ್ಬನೂ ಬಾರದೆ, ಅದು ಓಣಿಯ ಮಕ್ಕಳ ಜವಳ, ಹುಟ್ಟುಹಬ್ಬಗಳಲ್ಲಿ ದುಡಿಯುತ್ತಿತ್ತು. ಇಂದು ಅದಕ್ಕೆ ಅವತಾರದ ಉದ್ದೇಶ ಸಿಕ್ಕಿತ್ತು: ಸಾಕ್ಷಾತ್ ತಾಯಿಯನ್ನು ಸಾಕ್ಷಿಸಮೇತ ಹಿಡಿಯುವುದು!

ದಾರಿಯಲ್ಲಿ ಮೊಪೆಡ್ ಎರಡು ಸಲ ಮುನಿಸಿಕೊಂಡಿತು. ಹೊಲ ಮುಟ್ಟುವಾಗ ಸೂರ್ಯ ಜೋಳದ ತೆನೆಗಳ ಹಿಂದೆ ಇಳಿಯುತ್ತಿದ್ದ. ಬನ್ನಿಗಿಡದ ಬುಡ ಖಾಲಿ. ಬದುವಿನಲ್ಲಿ ನರಪಿಳ್ಳೆಯಿಲ್ಲ. ಒಂದು ಎತ್ತು ಮಾತ್ರ ನಿಂತಿತ್ತು. ಅದು ಅವನನ್ನು ನೋಡಿ, ಏನೋ ಹೇಳಬೇಕೆಂದು ಬಾಯಿ ತೆರೆದು, ತನಗ್ಯಾಕೆ ಬೇಕು ಎಂಬಂತೆ ಮುಖ ಹೊರಳಿಸಿತು.

ಹೊಳಿಯಪ್ಪ ಒಳಗೆ ನುಗ್ಗಿದ. ಎತ್ತರದ ಜೋಳದ ನಡುವೆ ಎತ್ತುಗಳಿಗೆಂದು ಒತ್ತಾಗಿ ಬಿತ್ತಿದ್ದ ಮೇವಿನ ಪಟ್ಟಿ ಇತ್ತು. ಅಲ್ಲಿಗೆ ಹೋದವನೇ ಕಂಬವಾದ.

ಮೇವಿನ ನಟ್ಟನಡುವೆ ದುಂಡನೆಯ ಬಯಲು! ಕಂಪಾಸ್ ಇಟ್ಟು ಗೆರೆ ಎಳೆದಂಥ ವೃತ್ತ! ದಂಟು ಮುರಿದಿಲ್ಲ, ಕೊಯ್ದಿಲ್ಲ. ಎಲ್ಲವೂ ಒಂದೇ ದಿಕ್ಕಿಗೆ, ಯಾರೋ ರುಬ್ಬುವ ಕಲ್ಲು ತಿರುವಿದ ಹಾಗೆ ಸುರುಳಿಯಾಗಿ ಮಲಗಿವೆ!

ಹೋದ ತಿಂಗಳಷ್ಟೇ ಅವನು ಒಂದು ವಾರಪತ್ರಿಕೆಯಲ್ಲಿ ಓದಿದ್ದ: ಇಂಗ್ಲೆಂಡಿನ ಗೋಧಿ ಹೊಲಗಳಲ್ಲಿ ಹೀಗೇ ವೃತ್ತಗಳು ಮೂಡುತ್ತವಂತೆ, ಬೇರೆ ಗ್ರಹದ ವಾಹನ ಇಳಿದ ಗುರುತು ಎಂದು ಕೆಲವರು ನಂಬುತ್ತಾರಂತೆ. ಓದಿ ನಕ್ಕಿದ್ದ. ಈಗ ನಗು ಬರಲಿಲ್ಲ. ಇಂಗ್ಲೆಂಡ್ ಬಿಟ್ಟು, ಬೆಂಗಳೂರೂ ಬಿಟ್ಟು, ನೇರವಾಗಿ ಗುಡ್ಡವ್ವನ ಮೇವಿಗೆ ಇಳಿದಿದ್ದಾರೆಂದರೆ!

ಕ್ಯಾಮೆರಾ ಎತ್ತಿದ. ರೀಲಿನಲ್ಲಿ ಉಳಿದಿದ್ದದ್ದು ಒಂದೇ ಒಂದು ಚಿತ್ರ. ಫ್ಲ್ಯಾಶ್ ಮಿಂಚಿತು. ಆಚೆಯ ಜೋಳದೊಳಗಿಂದ ‘ಕ್ಷೀ’ ಎಂದು ಒಂದು ಸಣ್ಣ ಸದ್ದು ಬಂತು. ವಾಹನದ ಗಾಳಿ ಇಳಿಯುವ ಸದ್ದಿರಬೇಕು! ನೆಲದಲ್ಲಿ ಹಳದಿಯ ಜಿಗುಟು ಚೂರೊಂದು ಸಿಕ್ಕಿತು. ಮೂಸಿದ. ಏಲಕ್ಕಿಯ ವಾಸನೆ. ಅಂದರೆ ಅಲ್ಲಿಯೂ ಏಲಕ್ಕಿ ಬೆಳೆಯುತ್ತದೆ! ಅದನ್ನು ಬೆಂಕಿಪೊಟ್ಟಣದಲ್ಲಿ ಭದ್ರಪಡಿಸಿಕೊಂಡು, ತಾಯಿ, ಚರಗ, ಪ್ರತಿಜ್ಞೆ ಎಲ್ಲ ಮರೆತು, ಮೊಪೆಡ್ಡನ್ನು ಓಡುತ್ತಲೇ ಚಾಲೂ ಮಾಡಿದ.

ಬಣ್ಣದ ರೀಲು ಹುಬ್ಬಳ್ಳಿಗೆ ಹೋಗಿ ತೊಳೆಸಿಕೊಂಡು ಬರುವ ತನಕ ಹೊಳಿಯಪ್ಪ ಅರ್ಧ ಇಳಿದುಹೋದ. ಕೊನೆಗೆ ಚಿತ್ರ ಬಂತು. ವೃತ್ತ ಸ್ಪಷ್ಟವಾಗಿತ್ತು. ಆದರೆ ಅದಕ್ಕಿಂತ ದೊಡ್ಡದು ಹಿಂದೆ ಇತ್ತು. ವೃತ್ತದ ಆಚೆಯ ಕತ್ತಲೆ ಜೋಳದೊಳಗೆ, ನೆಲದಿಂದ ಸ್ವಲ್ಪವೇ ಮೇಲೆ, ಐದು ಬೆಳಕು! ಒಂದು ಹಳದಿ, ಒಂದು ಬೆಳ್ಳಿ, ಒಂದು ಅಡ್ಡಕ್ಕೆ ಅಗಲ, ಒಂದು ಕೆಂಪು ಛಾಯೆಯದು, ಇನ್ನೊಂದಂತೂ ಒಂದರ ಮೇಲೊಂದು ಏರಿಸಿದ ನಾಲ್ಕು ಚುಕ್ಕೆ!

ಕಂಪನಿಯಿಂದ ಬೀಜ ನೋಡುವ ಭೂತಗನ್ನಡಿ ತಂದು ನಡುಮನೆಯಲ್ಲಿ ಬೋರಲು ಬಿದ್ದ. ಜಯವ್ವ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಬಂದು ಬಗ್ಗಿ ನೋಡಿದಳು. ನೋಡಿದವಳ ಮುಖದ ರಕ್ತ ಇಳಿಯಿತು.

“ಏನ್ರಿ ಇದು?”

“ಅದನ್ನ ಪರೀಕ್ಷಾ ಮಾಡಾಕತ್ತೇನಿ. ಈ ಕೆಂಪಂದು ಇಂಜಿನ್ನು. ನಾಲ್ಕು ಚುಕ್ಕಿ ಕಿಡಕಿ. ಅಂದ್ರ ನಾಲ್ಕು ಅಂತಸ್ತಿನ ವಾಹನ!”

“ಮಿಂಚುಳಾ ಇರಬೇಕು, ಬಿಡ್ರಿ.”

“ಮಿಂಚುಳಾ ಇಷ್ಟು ದಪ್ಪ ಇರತಾವೇನು?”

“ನಮ್ಮ ಊರ ಕಡೆ ಇರತಾವ್ರಿ. ಮೇವು ತಿಂದು ಬೆಳೀತಾವ. ಕೊಡ್ರಿಲ್ಲಿ, ಹರದು ಒಲಿಗೆ ಹಾಕ್ತೇನಿ. ಇಂಥಾವು ಮನ್ಯಾಗ ಇರಬಾರದು.”

ಹೊಳಿಯಪ್ಪ ಚಿತ್ರವನ್ನು ಎದೆಗೆ ಅವುಚಿಕೊಂಡ. ಹೆದರಿದ್ದಾಳೆ, ಪಾಪ! ವಿಜ್ಞಾನ ಗೊತ್ತಿಲ್ಲದವರು ಹೆದರುವುದು ಸಹಜ! ಆದರೆ ಮರುದಿನ ಚಿತ್ರದ ಮೇಲೆ ಚಹಾ ಚೆಲ್ಲಿತು. ಮೂರನೆಯ ದಿನ ಭೂತಗನ್ನಡಿ ಕಾಣೆಯಾಗಿ ಜೋಳದ ಚೀಲದಲ್ಲಿ ಸಿಕ್ಕಿತು. ಬೆಂಕಿಪೊಟ್ಟಣದ ಹಳದಿ ಚೂರನ್ನು ಇರುವೆಗಳು ಸಾಲು ಹಚ್ಚಿ ಒಯ್ದಿದ್ದವು. ಜಯವ್ವನ ಮೇಲೆ ಅವನಿಗೆ ಸಂಶಯ ಶುರುವಾಯಿತು. ಇವಳಿಗೆ ಏನೋ ಗೊತ್ತಿದೆ! ಇವಳೂ ಆ ದಿನ ಊರಲ್ಲಿದ್ದಳು. ಇಳಿದವರನ್ನು ನೋಡಿದ್ದಾಳೆಯೇ? ಅವರು ಬಾಯಿ ಬಿಡಬೇಡ ಎಂದು ಬೆದರಿಸಿದ್ದಾರೆಯೇ?

ಚಹಾದ ಕಲೆ ಒರೆಸಿ ಚಿತ್ರವನ್ನು ವೇದಿಕೆಗೆ ಒಯ್ದ. ನಾಲ್ಕು ತಲೆಗಳು ಅದರ ಮೇಲೆ ಡಿಕ್ಕಿ ಹೊಡೆದವು. ಅಷ್ಟು ಚಿಕ್ಕ ಚಿತ್ರದಲ್ಲಿ ಬೆಳಕು ಬೆಳಕಾಗಿಯೇ ಕಂಡವು.

“ಯಾರರ ಚ್ಯಾಷ್ಟಿಗೆ ಮಾಡಿದ್ರ?” ಎಂದ ಹನೀಫ್, ಕನ್ನಡಕ ಮೇಲೇರಿಸುತ್ತ. “ನನಗ್ಯಾಕೋ ಇದು ಯಾರೋ ಮನಷ್ಯಾರ ಕಿತಾಪತಿ ಅನಸ್ತೈತಿ.”

ಹೊಳಿಯಪ್ಪನಿಗೆ ರೇಗಿತು. “ಮನಷ್ಯಾರ ಕೆಲಸ ಅಂತ ಸಿದ್ಧ ಮಾಡ್ರಿ, ವೇದಿಕೆಗೆ ಆ ದಿನಾನ ರಾಜೀನಾಮಿ ಕೊಡ್ತೇನಿ!”

“ಹಂಗಾದ್ರ ದೊಡ್ಡದು ಮಾಡಸೂನು” ಎಂದ ಮಾಲತೇಶಪ್ಪ. “ಗೋಡಿಗೆ ಹಾಕೂವಷ್ಟು ದೊಡ್ಡದು. ಎಲ್ಲಾ ಕಾಣತೈತಿ.”

ಮೈಲಪ್ಪ ಇನ್ನೊಂದು ಹೆಜ್ಜೆ ಮುಂದೆ ಹೋದ. “ಹಾವೇರಿಯಿಂದ ಪೇಪರಿನವರನ್ನೂ ಕರಸ್ತೇನಿ. ಅವರ ಎದುರಿಗೇ ಪರೀಕ್ಷಾ. ಖರೇ ಇದ್ರ ಖರೇ, ಸುಳ್ಳಿದ್ರ ಸುಳ್ಳು. ವೇದಿಕೆ ಹೆಸರು ನಾಡಿನ ತುಂಬ ಆಗ್ಲಿ!”

ಭಾನುವಾರಕ್ಕೆ ಸಭೆ ಗೊತ್ತಾಯಿತು. ಶನಿವಾರ ಹೊಳಿಯಪ್ಪ ಅಳತೆಪಟ್ಟಿ ತೆಗೆದುಕೊಂಡು ವೃತ್ತ ಅಳೆಯಲು ಊರಿಗೆ ಓಡಿದ. ಮೇವಿನ ಪಟ್ಟಿಯ ಜಾಗದಲ್ಲಿ ಕೂಳೆ ನಿಂತಿತ್ತು. ಅಷ್ಟೇ.

“ಯವ್ವಾ! ಇಲ್ಲಿದ್ದ ಮೇವು ಎಲ್ಲಿ?”

“ಎತ್ತು ತಿಂದ್ವು.”

“ಎತ್ತು ತಿಂದ್ವಾ! ಅದು ಜಗತ್ತಿಗೇ ಬೇಕಾದ ಪುರಾವೆ ಆಗಿತ್ತು!”

“ಜಗತ್ತು ಮೊದಲ ಬಂದು ಕೇಳಬೇಕಿತ್ತು. ಎತ್ತಿಗೆ ಹಸಿವಿ ಆಗಿತ್ತು.” ಗುಡ್ಡವ್ವ ಮಗನ ಮುಖ ನೋಡದೆ ಸೊಪ್ಪು ಸೋಸುತ್ತಿದ್ದಳು. “ತುಳದ ಮೇವು ಇಟ್ರ ಕೊಳೀತೈತಿ.”

“ತುಳದದ್ದು ಅಂತ ನಿನಗ್ಯಾರು ಹೇಳಿದ್ರು?”

ಗುಡ್ಡವ್ವ ಸೊಪ್ಪಿನ ಮೊರ ಹತ್ತಿರ ಎಳೆದುಕೊಂಡಳು. “ಹಂದಿ ತುಳದಿರಬೇಕಪಾ.”

“ಹಂದಿ ದುಂಡಗ ತುಳೀತಾವೇನು?”

“ಕಲತ ಹಂದಿ ಇರಬೇಕು. ಈಗ ಎಲ್ಲಾರೂ ಕಲಿಯಾಕತ್ತಾರಲ್ಲ.” ಹಾಗೆಂದು ಗುಡ್ಡವ್ವ ಎದ್ದು, ಸೊಪ್ಪಿನ ಮೊರ ಹಿಡಿದು ಸರಸರನೆ ಒಳಗೆ ನಡೆದಳು. ಹೊಳಿಯಪ್ಪ ಅವಳ ಮೊಣಕಾಲುಗಳನ್ನೇ ನೋಡುತ್ತ ನಿಂತ. ಅವುಗಳಲ್ಲಿ ಯಾವ ಬೇನೆಯೂ ಕಾಣಲಿಲ್ಲ.

ಸಂಜೆ ಮನೆಗೆ ಬಂದು ಪಾದರಕ್ಷೆ ಬಿಡುತ್ತಲೇ ಹೆಂಡತಿಗೆ ಹೇಳಿದ: “ಎತ್ತು ತಿಂದ್ರ ತಿನ್ಲಿ. ಚಿತ್ರ ದೊಡ್ಡದು ಆಗಿ ಬಂದೈತಿ, ಸ್ಟುಡಿಯೋದಿಂದ ನಾಳೆ ಬೆಳಿಗ್ಗೆ ತರತೇನಿ. ಬಾಗಲದಷ್ಟು ಎತ್ತರ! ಜೋಳದಾಗ ಯಾರು ನಿಂತಾರ, ಅವರ ಮೂಗು, ಬಾಯಿ ಎಲ್ಲಾ ಕಾಣತೈತಂತ! ಪೇಪರಿನವರೂ ಬರತಾರ!”

ಜಯವ್ವ ಕೈಯ ತಂಬಿಗೆ ಕೆಳಗಿಟ್ಟಳು. ಅವಳು ಮೆಲ್ಲಗೆ ಗೋಡೆಗೆ ಒರಗಿ ಕೂತಳು.

“ರೀ. ಸಿಟ್ಟಾಗಂಗಿಲ್ಲ ಅಂದ್ರ ಒಂದು ಮಾತು ಹೇಳ್ತೇನಿ.”

“ಗೊತ್ತಿತ್ತು! ನೀ ಅವರನ್ನ ನೋಡೀದಿ! ಹೆಂಗಿದ್ರು? ಹಸರು ಇದ್ರೇನು?”

“ಒಬ್ಬಾಕಿ ಹಸರು ಸೀರಿ ಉಟ್ಟಿದ್ಲು.”

ಹೊಳಿಯಪ್ಪ ಅಳತೆಪಟ್ಟಿ ಕೆಳಗಿಟ್ಟ.

“ಆ ಹಳದೀದು ಅತ್ತೀ ಹಿತ್ತಾಳಿ ಚರಗಿ. ಬೆಳ್ಳಂದು ನಮ್ಮ ಮನಿ ಸ್ಟೀಲಿನ ಬೋಗುಣಿ. ಅದರ ಹಿಂದ ಕುಂತಾಕಿ ನಾನು.”

ಜಯವ್ವ ಒಮ್ಮೆ ಬಾಯಿ ಬಿಟ್ಟವಳು ಮತ್ತೆ ನಿಲ್ಲಿಸಲಿಲ್ಲ. ಚರಗ ಚೆಲ್ಲಿ ಆಗಿತ್ತು. ಬನ್ನಿಗಿಡದ ಕೆಳಗೆ ಕೂತರೆ ರಸ್ತೆಗೆ ಕಾಣುತ್ತದೆಂದು ಮೇವಿನ ನಡುವೆ ಕೂತು ಉಂಡಿದ್ದರು. ಎತ್ತಿನ ಮೇವು, ಹೇಗೂ ಮರುದಿನ ಕೊಯ್ಯುವುದೇ.

“ಕುಂತ್ರ ದಂಟು ಸುಳಿ ಸುಳಿ ಮಲಗತಾವೇನು?” ಎಂದ ಹೊಳಿಯಪ್ಪ ಕ್ಷೀಣವಾಗಿ. ಬಿ.ಎಸ್ಸಿ. ಇನ್ನೂ ಉಸಿರಾಡುತ್ತಿತ್ತು.

“ಉಂಡ ಮ್ಯಾಲ ಫುಗಡಿ ಆಡಿದ್ವಿ. ಕೈ ಕೈ ಹಿಡಕೊಂಡು ಗರಗರ ತಿರಗಿದ್ವಿ. ನಿಮ್ಮವ್ವಾರಂತೂ ನಿಲ್ಲವಲ್ರು!”

“ಮತ್ತ ಮೊಣಕಾಲು?”

“ಅವು ನಿಮ್ಮ ಮುಂದ ಅಷ್ಟ ನೋಯ್ತಾವು. ಅಷ್ಟರಾಗ ನಿಮ್ಮ ಮೊಪೆಡ್ ಸಪ್ಪಳ ಕೇಳ್ತು. ಹರದಾರಿ ದೂರದಿಂದ ಕೇಳತೈತದು. ಭಾಂಡಿ ಎತ್ತಿಕೊಂಡು ಜೋಳದಾಗ ಕುಂತ್ವಿ. ನೀವು ಅದೇನೋ ಮಿಂಚು ಹೊಡದ್ರಲ್ಲ, ಭಾಂಡಿ ಎಲ್ಲಾ ಫಳಫಳ ಹೊಳದ್ವು, ಒಬ್ಬಾಕಿಗೆ ಸೀನು ಬಂತು. ನಾ ಆಕಿ ಬಾಯಿ ಮುಚ್ಚಿದೆ.”

ವಾಹನದ ಗಾಳಿ ಇಳಿದ ಸದ್ದು! ಹೊಳಿಯಪ್ಪ ಕಣ್ಣು ಮುಚ್ಚಿಕೊಂಡ. ಮುಚ್ಚಿದ ಕಣ್ಣೊಳಗೆ ಇನ್ನೂ ಮೂರು ಬೆಳಕು ಉಳಿದಿದ್ದವು.

“ಉಳದ ಮೂರು ಯಾರು?”

“ಅದನ್ನ ಕೇಳಬ್ಯಾಡ್ರಿ. ನೀವು ಹೆಂಗ ಕೈ ಮ್ಯಾಲ ಕೈ ಇಟ್ಟೀರಿ, ಹಂಗ ನಾವೂ ಇಟ್ಟೇವಿ. ಯಾರ ಹೆಸರೂ ಯಾರೂ ಹೇಳಂಗಿಲ್ಲ.”

ಆ ರಾತ್ರಿ ಹೊಳಿಯಪ್ಪನಿಗೆ ರೊಟ್ಟಿ ಇಳಿಯಲಿಲ್ಲ. ಖರೇ ಹೇಳಿದರೆ ತನ್ನ ಮನೆಯ ಹೋಳಿಗೆ ಮಣ್ಣಿಗೆ ಬಿದ್ದದ್ದು ಬಯಲು. ವೇದಿಕೆಯಿಂದ ಹೊರಗೆ, ಓಣಿಯಲ್ಲಿ ಚಹಾ ಬಂದ್, ಪೇಪರಿನಲ್ಲಿ ಹೆಸರು. ಸುಳ್ಳು ಹೇಳಿದರೆ ವಿಜ್ಞಾನಕ್ಕೆ ದ್ರೋಹ. ಸದ್ಯ, ಕ್ಯಾಮೆರಾದ ಮೇಲೆ ಹಾಕಿಬಿಡೋಣ! ಕ್ಯಾಮೆರಾಕ್ಕೆ ಬಾಯಿಲ್ಲ. ಗಾಜಿನ ದೋಷ ಎಂದರೆ ಮುಗಿಯಿತು. ಚರಗ ಚೆಲ್ಲುವವರು ಹಳ್ಳಿಯಲ್ಲಿ ಬೇಕಾದಷ್ಟಿದ್ದಾರೆ. ಉಳಿದ ಮೂವರು ಯಾರೋ ಊರ ಹೆಂಗಸರು, ಅವರನ್ನು ಇಲ್ಲಿ ಯಾರು ಗುರುತಿಸಬೇಕು?

ಭಾನುವಾರ ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಆ ಬೃಹತ್ ಚಿತ್ರವನ್ನು ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದರು. ದೇವರ ದಯೆ, ಮುಖಗಳೆಲ್ಲ ಕತ್ತಲಲ್ಲಿ ಮುಳುಗಿದ್ದವು. ಆದರೆ ಬೆಳಕುಗಳಿಗೆ ಅಂಚು ಮೂಡಿತ್ತು. ಹಾವೇರಿಯ ವರದಿಗಾರ ಯೂಸುಫಸಾಬ ಕುರ್ಚಿಯಲ್ಲಿ ಕೂತು ಪೆನ್ನಿನ ಟೋಪಿ ತೆಗೆದ. ಎಲ್ಲವನ್ನೂ ಅರ್ಧ ಕಣ್ಣು ಮುಚ್ಚಿ ನೋಡುವ ಮನುಷ್ಯ.

“ಅಧ್ಯಕ್ಷರ,” ಹೊಳಿಯಪ್ಪ ಗಂಟಲು ಸರಿಮಾಡಿಕೊಂಡ, “ನಾ ಮತ್ತೊಮ್ಮೆ ವಿಚಾರ ಮಾಡಿದೆ. ಇದು ಬರೇ ಗಾಜಿನ ದೋಷ. ಸಭೆ ಮುಗಸೂನು, ಚಾ ಕುಡಿಯೂನು.”

“ಹೆದರಿದಿ, ಹೆದರಿದಿ!” ಎಂದ ಹನೀಫ್. “ಯಾರೋ ಮನಷ್ಯಾರ ಕಿತಾಪತಿ ಅಂತ ನಾ ಅವತ್ತ ಹೇಳಿದ್ದೆ. ಸರೀ ಅತ್ತಾಗ, ಲೆಕ್ಕ ಹಾಕಿ ಹೇಳ್ತೇನಿ.” ಭೂತಗನ್ನಡಿ ಕಸಿದುಕೊಂಡು ಕೆಂಪು ಬೆಳಕಿನ ಮುಂದೆ ಬಗ್ಗಿದ. “ನೋಡ್ರಿ ಯೂಸುಫಸಾಬ್ರ, ಇದು ಸರಳ ತಾಮ್ರದ… ಇದಕ್ಕ ಒಂದ ಕಿವಿ ಇದ್ದು… ಇನ್ನೊಂದು ಕಿವಿ…”

ಅವನ ಮಾತು ಅಲ್ಲಿಗೇ ಕಡಿದು ಬಿತ್ತು. ಒಂದು ಕಿವಿ ಮುರಿದ, ಕಲಾಯಿ ಸವೆದು ತಾಮ್ರ ಕಾಣುವ ದೇಗ್ಚಿ ರಾಣೆಬೆನ್ನೂರಿನಲ್ಲಿ ಒಂದೇ ಇತ್ತು. ಅದು ಅವನ ಹೆಂಡತಿ ಜಾಹೀದಾಳ ತವರಿನದು. ಆ ಕಿವಿ ಮುರಿದದ್ದು ಅವನ ಕೈಯಿಂದಲೇ.

“ಏನಾತ್ರಿ ಮಾಸ್ತರ?” ವರದಿಗಾರ ಅರ್ಧ ಕಣ್ಣು ತೆರೆದ.

“ಇದು… ಇದು ಮನಷ್ಯಾರ ವಸ್ತು ಅಲ್ರಿ.”

“ಹೆಂಗ ಹೇಳ್ತೀರಿ?”

“ಗಣಿತದಿಂದ.”

ಹೊಳಿಯಪ್ಪ ಬೆರಗಾಗಿ ನೋಡಿದ. ಸಭೆಯಲ್ಲಿ ಇದ್ದೊಬ್ಬ ಅನುಮಾನದ ಮನುಷ್ಯ ಯಾಕೆ ಹೀಗೆ ಬಣ್ಣ ಬದಲಿಸಿದ?

ಮಾಲತೇಶಪ್ಪ ಚಹಾ ಹೀರುತ್ತ ನಗುತ್ತ ಎದ್ದ. “ನಿನ್ನ ಗಣಿತ ಇಟಕೊ. ಕೋರ್ಟಿನ್ಯಾಗ ನಾ ಎಂಥೆಂಥಾ ಸಾಕ್ಷಿ ನೋಡೇನಿ!” ಆ ನಾಲ್ಕು ಚುಕ್ಕೆಗಳತ್ತ ಮೂಗು ಒಯ್ದ. ಅವನು ದಿನಾಲು ಕೋರ್ಟಿಗೆ ಊಟ ಒಯ್ಯುವ ನಾಲ್ಕು ಅಂತಸ್ತಿನ ಡಬ್ಬಿ, ಮೇಲಿನ ಚಿಲಕ ಸೊಟ್ಟಗಾದದ್ದು ಸಮೇತ, ಅವನನ್ನೇ ನೋಡುತ್ತಿತ್ತು. ಚಹಾ ಮೂಗಿಗೇರಿತು. ಕೆಮ್ಮಿ, ಕಣ್ಣೀರು ಒರೆಸಿಕೊಂಡು, “ಹನೀಫ್ ಹೇಳೂದು ಖರೇ” ಎಂದು ಕಿಟಕಿಯ ಕಡೆ ತಿರುಗಿ ನಿಂತುಬಿಟ್ಟ.

“ಏನ್ ನಡಸೀರಿ ನೀವು!” ಮೈಲಪ್ಪ ಕೆರಳಿದ. “ನಾವು ವಿಚಾರವಾದಿಗಳು! ಪೇಪರಿನವರ ಮುಂದ ಹಿಂಗ ಹಳ್ಳಿ ಮುದುಕ್ಯಾರಂಗ ಮಾತಾಡ್ತೀರಾ? ಕೊಡ್ರಿಲ್ಲೆ!”

ಅಡ್ಡಕ್ಕೆ ಅಗಲವಾಗಿದ್ದ ಬೆಳಕಿನ ಮುಂದೆ ಅಧ್ಯಕ್ಷರು ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ಹೊಳಿಯಪ್ಪನಿಗೂ ಈಗ ಅದು ಕಂಡಿತು: ಅಂಚಿನ ತುಂಬ ಹೂವಿನ ನಕಾಶೆಯ ಸ್ಟೀಲಿನ ಪರಾತ, ಅಗಲವಾದ ದೊಡ್ಡ ತಟ್ಟೆ. ಮೈಲಪ್ಪನ ಮದುವೆಯಲ್ಲಿ ಮಾವ ಕೊಟ್ಟದ್ದು; ವೇದಿಕೆಯ ವಾರ್ಷಿಕೋತ್ಸವದ ಉಪ್ಪಿಟ್ಟನ್ನು ನಾಲ್ವರೂ ಅದರಲ್ಲೇ ತಿಂದಿದ್ದರು!

ಒಂದೊಂದೇ ಬೀಜ ಮೊಳೆಯಿತು. ಹಸಿರು ಸೀರೆ, ಸೀನು, ಆಣೆ, ಉಳಿದ ಮೂವರು. ಹೊಳಿಯಪ್ಪನ ಹೊಟ್ಟೆಯಿಂದ ನಗು ಮೇಲೆದ್ದು ಬಂತು. ಹಲ್ಲು ಕಚ್ಚಿ ನುಂಗಿದ. ಪಕ್ಕದಲ್ಲೇ ವರದಿಗಾರನ ಪೆನ್ನು ಕಾಯುತ್ತಿತ್ತು.

ಮೈಲಪ್ಪ ನೆಟ್ಟಗಾಗಿ, ಅಂಗಿ ಎಳೆದುಕೊಂಡು, ಭಾಷಣದ ದನಿಯಲ್ಲಿ ಹೇಳಿದ: “ಅಗದೀ ಆಳವಾಗಿ ಪರಿಶೀಲನಾ ಮಾಡೇವಿ. ಈ ಬೆಳಕು ಭೂಲೋಕದ ಯಾವ ಮನಿಗೂ ಸೇರಿದ್ದಲ್ಲ.”

“ಸರ್ವಾನುಮತ!” ಎಂದರು ಹನೀಫ್ ಮತ್ತು ಮಾಲತೇಶಪ್ಪ ಒಂದೇ ಉಸಿರಿಗೆ.

“ಸರ್ವಾನುಮತ” ಎಂದ ಹೊಳಿಯಪ್ಪ.

ವರದಿಗಾರ ಒಬ್ಬೊಬ್ಬರ ಮುಖವನ್ನೂ ಸರದಿಯಂತೆ ನೋಡಿದ. “ಹಂಗಾರ ಹಾರೂ ತಟ್ಟಿ ಅಂತ ಬರೀಲೇನು?”

“ತಟ್ಟಿ ಗಿಟ್ಟಿ ಏನೂ ಬರೀಬ್ಯಾಡ್ರಿ!” ಮೈಲಪ್ಪ ಬೆಚ್ಚಿಬಿದ್ದ.

“ಆತು. ಚಿತ್ರ ಕೊಡ್ರಿ, ಪೇಪರಿನ್ಯಾಗ ಹಾಕೂನು. ಯಾರರ ಗುರುತು ಹಿಡೀಬಹುದು.”

ನಾಲ್ಕು ಜೊತೆ ಕೈಗಳು ಗೋಡೆಗೆ ಅಪ್ಪಳಿಸಿದವು. ಅಧ್ಯಯನ ನಡೆದಿದೆ, ದಿಲ್ಲಿಗೆ ಕಳಿಸಬೇಕು, ದೇಶದ ಭದ್ರತೆಯ ಪ್ರಶ್ನೆ, ಕಾಗದ ಇನ್ನೂ ಹಸಿ ಇದೆ ಎಂದು ಒಬ್ಬೊಬ್ಬನೂ ಒಂದೊಂದು ಒದರಿದ.

“ನನಗ ಇದರಾಗ ಏನೋ ಸಂಶೇ ಬರಾಕತ್ತೈತಿ” ಎಂದು ಯೂಸುಫಸಾಬ ಪೆನ್ನಿಗೆ ಟೋಪಿ ಹಾಕಿ ಹಾವೇರಿ ಬಸ್ಸಿಗೆ ಇಳಿದು ಹೋದ.

ಅವನ ಹೆಜ್ಜೆ ಸದ್ದು ಅಡಗುತ್ತಲೇ ಜಗಳ ಶುರುವಾಯಿತು. ಚಿತ್ರ ಯಾರ ವಶದಲ್ಲಿರಬೇಕು? ನನ್ನಲ್ಲಿ ಎಂದ ಅಧ್ಯಕ್ಷ. ದಾಖಲೆ ಕಾರ್ಯದರ್ಶಿಯದು ಎಂದ ಹನೀಫ್. ಖಜಾನೆ ನನ್ನದು ಎಂದ ಮಾಲತೇಶಪ್ಪ. ತೆಗೆದವನು ನಾನು ಎಂದ ಹೊಳಿಯಪ್ಪ. ಕೊನೆಗೆ ಕೆಳಗಿನ ಅಂಗಡಿಯಿಂದ ಟ್ಯೂಬು ಕೊಯ್ಯುವ ಕತ್ತರಿ ತಂದರು.

“ನನಗ ಆ ಕೆಂಪಂದು ಇರ್ಲಿ” ಎಂದ ಹನೀಫ್ ನೆಲ ನೋಡುತ್ತ.

“ನಾಲ್ಕು ಚುಕ್ಕೀದು ನನಗ.”

“ಅಗಲಂದು ಇತ್ತ ಕೊಡ್ರಿ.”

ಹೊಳಿಯಪ್ಪ ಚರಗಿ ಮತ್ತು ಬೋಗುಣಿಯನ್ನು ಒಟ್ಟಿಗೇ ಕತ್ತರಿಸಿ ಕಿಸೆಗೆ ಹಾಕಿಕೊಂಡ. ಆಗ ನಾಲ್ವರೂ ಮೊದಲ ಸಲ ಒಬ್ಬರ ಮುಖ ಒಬ್ಬರು ನೋಡಿದರು. ನಿಯಮದ ಪ್ರಕಾರ ನಾಲ್ವರೂ ವೇದಿಕೆಯಿಂದ ಹೊರಗೆ. ಎಲ್ಲರೂ ಹೊರಗಾದರೆ ಹೊರಹಾಕುವವರು ಯಾರು? ಆ ಪ್ರಶ್ನೆಯನ್ನು ಅಲ್ಲೇ ಬಿಟ್ಟು, ಕೋಣೆಗೆ ಕೀಲಿ ಹಾಕಿ, ಸಾಲಾಗಿ ಮೆಟ್ಟಿಲಿಳಿದರು.

ಓಣಿಯ ಕಟ್ಟೆಯ ಮೇಲೆ ನಾಲ್ಕು ಹೆಂಗಸರು ಹಸಿಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಿದ್ದರು. ಗಂಡಸರು ತಲೆ ತಗ್ಗಿಸಿ ದಾಟುವುದರಲ್ಲಿದ್ದರು. ಜಯವ್ವ ಕೇಳಿಯೇಬಿಟ್ಟಳು:

“ಸಭಾದಾಗ ಏನ್ ತೀರ್ಮಾನ ಆತ್ರಿ?”

ಹೊಳಿಯಪ್ಪ ಮೈಲಪ್ಪನನ್ನು ನೋಡಿದ. ಮೈಲಪ್ಪ ಆಕಾಶ ನೋಡಿದ.

“ಬ್ಯಾರೆ ಗ್ರಹದವರು ಅಂತ ಆತು” ಎಂದ ಹೊಳಿಯಪ್ಪ.

ಹೆಂಗಸರು ಒಬ್ಬರಿಗೊಬ್ಬರು ಮುಖ ನೋಡಿಕೊಂಡರು. ಹಸಿರು ಸೀರೆಯ ಜಾಹೀದಾ ಮೆಣಸಿನ ಘಾಟಿಗೋ ನಗೆಗೋ ಒಮ್ಮೆ ಸೀನಿದಳು.

“ಅಯ್ಯ ಪಾಪ!” ಎಂದಳು ಜಯವ್ವ ಗಂಭೀರವಾಗಿ. “ಅಷ್ಟು ದೂರದಿಂದ ನಡಕೋತ ಬರೋರು, ತಲಿ ಮ್ಯಾಲ ಹೋಳಗಿ ಬುಟ್ಟಿ ಬ್ಯಾರೆ! ಮುಂದಿನ ವರ್ಷ ಬುಟ್ಟಿ ಹೊರಾಕ ಅವರಿಗೆ ಈ ಗ್ರಹದ ಗಂಡಸರು ಯಾರರ ಸಿಗ್ತಾರೇನ್ರಿ?”

ಮೂವರು ಪದವೀಧರರು ತಂತಮ್ಮ ಮನೆಯ ಬಾಗಿಲು ಹುಡುಕಿಕೊಂಡು ಮಾಯವಾದರು. ಹೊಳಿಯಪ್ಪ ಬಿ.ಎಸ್ಸಿ. ಮಾತ್ರ ಹೆಂಡತಿಯ ಹಿಂದೆಯೇ ಒಳಗೆ ಬಂದು, ಬಾಗಿಲು ಮುಂದೆ ಮಾಡಿ, ಹೆಗಲ ಮೇಲಿನ ಟವೆಲ್ ತೆಗೆದು ಅವಳ ಮುಂದೆ ಚಾಚಿ, ದನಿ ತಗ್ಗಿಸಿ ಕೇಳಿದ:

“ಬುಟ್ಟಿ ಹೊರಾಕ ತಲಿ ಮ್ಯಾಲ ಸಿಂಬಿ ಹೆಂಗ ಸುತ್ತಬೇಕು? ಅದನ್ನಷ್ಟು ತೋರ್ಸಿಕೊಡು.”